ಎರಡು ಬಿಎಚ್‌ಕೆ ಮನೆಗೆ ಮೆಶ್ ಯಾಕೆ?

ನಮ್ಮದು ಬೆಂಗಳೂರಿನ ಮಾಮೂಲಿ ಎರಡು ಬಿಎಚ್‌ಕೆ ಫ್ಲಾಟು. ಇಷ್ಟು ಚಿಕ್ಕ ಮನೆಯಲ್ಲೂ ಅಡುಗೆಮನೆಯ ಸ್ಮಾರ್ಟ್ ಬಲ್ಬು ಸಂಜೆಯಾದರೆ ಆಫ್‌ಲೈನ್. ಗೀಸರ್‌ನ ಪ್ಲಗ್ಗು ಆಪ್‌ನಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಕೇಳಿದವರೆಲ್ಲ ಮೆಶ್ (ಮನೆ ತುಂಬ ಒಂದೇ ವೈಫೈ ಹರಡುವ ಎರಡು-ಮೂರು ಡಬ್ಬಗಳ ಸೆಟ್ಟು) ಹಾಕಿಸಿ, ಇಲ್ಲಾ ರೌಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ತಗೊಳ್ಳಿ ಅಂದರು. ಈ ಅಳತೆಯ ಮನೆಗೆ ಎರಡೂ ದಂಡ ಅಂತ ನನ್ನ ಅಭಿಪ್ರಾಯ.

ಮೊದಲು ರೌಟರ್ ಎಲ್ಲಿದೆ ನೋಡಿ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಪಕ್ಕ ಗೋಡೆಯೊಳಗೆ ತಗಡಿನ ಡಬ್ಬವೊಂದು ಇರುತ್ತದೆ, ಫೈಬರ್ ಬರುವುದು ಅಲ್ಲಿಗೇ, ಕನೆಕ್ಷನ್ ಕೊಡಲು ಬಂದ ಹುಡುಗ ರೌಟರನ್ನೂ ಅದರೊಳಗೇ ತುರುಕಿ, ಮುಚ್ಚಳ ಹಾಕಿ, ಸ್ಪೀಡ್ ಟೆಸ್ಟ್ ತೋರಿಸಿ ಹೊರಟುಬಿಡುತ್ತಾನೆ. ತಗಡಿನ ಡಬ್ಬದಲ್ಲಿಟ್ಟರೆ ಸಿಗ್ನಲ್ ಹೊರಗೆ ಬರುವುದಾದರೂ ಹೇಗೆ? ನಾವು ಲ್ಯಾನ್ ಕೇಬಲ್ ಎಳೆದು ರೌಟರನ್ನು ಹಾಲ್‌ನ ಶೆಲ್ಫ್ ಮೇಲೆ ಎತ್ತರಕ್ಕಿಟ್ಟೆವು. ಟಿವಿ ಹಿಂದೆ, ಬೀರು ಪಕ್ಕ ಬೇಡ. ಅರ್ಧ ಕಾಯಿಲೆ ಇಷ್ಟರಲ್ಲೇ ವಾಸಿಯಾಯಿತು.

ಉಳಿದರ್ಧ ಅಕ್ಕಪಕ್ಕದ ಮನೆಯವರದ್ದು. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಅಂದರೆ ರೇಡಿಯೋ ಅಲೆಗಳ ಒಂದು ಪಟ್ಟಿಯಲ್ಲಿ ಮಾತ್ರ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಸಿಗ್ನಲ್ ಓಡಾಡುವ ದಾರಿಗಳು) ಮೂರೇ: 1, 6, 11. ಸಂಜೆ ಎಲ್ಲರೂ ಮನೆಗೆ ಬಂದು ಫೋನು, ಟಿವಿ ಶುರು ಮಾಡಿದ ಮೇಲೆ ಆ ಮೂರರಲ್ಲೇ ಇಡೀ ಫ್ಲೋರಿನ ನೂಕುನುಗ್ಗಲು, ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಥರ. ಮೈಕ್ರೋವೇವ್ ಓವನ್ನಿಗೂ ಇದೇ ಜಾಗ ಬೇಕು. ಹೀಗಿರುವಾಗ ಎಕ್ಸ್‌ಟೆಂಡರ್ ತಂದರೆ ಅದೂ ಅದೇ ಚಾನೆಲ್‌ನಲ್ಲಿ ಪ್ರತಿ ಮಾತನ್ನೂ ಎರಡೆರಡು ಸಲ ಹೇಳುತ್ತದೆ, ಗಲಾಟೆ ಇನ್ನೂ ಜಾಸ್ತಿ. ಅದರ ಬದಲು ಫೋನಿನಲ್ಲಿ ವೈಫೈ ಅನಲೈಸರ್ ಆಪ್ ಹಾಕಿಕೊಂಡು, ಸಂಜೆ ಹೊತ್ತೇ ನೋಡಿ, ಮೂರರಲ್ಲಿ ಖಾಲಿ ಇರುವುದನ್ನು ರೌಟರ್ ಸೆಟ್ಟಿಂಗ್‌ನಲ್ಲಿ ಕೈಯಾರೆ ಆರಿಸಿ. ಚಾನೆಲ್ ಅಗಲ 40 ಇದ್ದರೆ 20 ಮೆಗಾಹರ್ಟ್ಸ್‌ಗೆ ಇಳಿಸಿ. ಸ್ಪೀಡ್ ಕಡಿಮೆಯಾಗುತ್ತೆ, ನಿಜ. ಆದರೆ ಬಲ್ಬಿಗೆ ಬೇಕಾಗಿದ್ದು ಸ್ಪೀಡ್ ಅಲ್ವಲ್ಲ! ಬಿಟ್ಟುಬಿಟ್ಟು ಬರದ ಸಿಗ್ನಲ್ ಸಾಕು. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲವನ್ನೂ ರೌಟರ್‌ನ ಇನ್ನೊಂದು ಬ್ಯಾಂಡು, 5 ಗಿಗಾಹರ್ಟ್ಸ್‌ಗೆ ಕಳಿಸಿಬಿಡಿ.

ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರಿಡುವುದು ಒಳ್ಳೆಯದು. ಹೊಸ ಬಲ್ಬು ಸೇರಿಸುವಾಗ ಫೋನು 5ರಲ್ಲಿ, ಬಲ್ಬು 2.4ರಲ್ಲಿ ಇದ್ದು ಒಂದಕ್ಕೊಂದು ಸಿಗದ ತಾಪತ್ರಯ ತಪ್ಪುತ್ತದೆ. ರೌಟರ್‌ನ ಸೆಕ್ಯುರಿಟಿ ಸೆಟ್ಟಿಂಗ್ ಬರೀ ಡಬ್ಲ್ಯೂಪಿಎ3 (ವೈಫೈ ಕಾಯುವ ಹೊಸ ಪದ್ಧತಿ) ಇದ್ದರೆ ಹಳೆಯ ಸಾಮಾನು ಸೇರುವುದೇ ಇಲ್ಲ, ಅದರ ಹಿಂದಿನ ಡಬ್ಲ್ಯೂಪಿಎ2 ಕೂಡ ಇರಲಿ. ಕರೆಂಟ್ ಹೋದರೂ ರೌಟರ್ ಆಫ್ ಆಗದಂತೆ ಚಿಕ್ಕ ಯುಪಿಎಸ್ ಒಂದಿರಲಿ. ಅಂದ ಹಾಗೆ, ಮನೆಯವರು ಗೋಡೆಯ ಸ್ವಿಚ್ಚೇ ಆರಿಸಿಬಿಟ್ಟರೆ ಆ ಬಲ್ಬು ಯಾವ ವೈಫೈಗೂ ಸಿಗಲ್ಲ, ನಮ್ಮನೆಯಲ್ಲಿ ಇದರ ಜಗಳ ಇನ್ನೂ ಮುಗಿದಿಲ್ಲ.

ಗೀಸರ್ ಪ್ಲಗ್ಗು ಮಾತ್ರ ಸ್ವಲ್ಪ ಹಟ ಮಾಡಿತು. ಕಾಂಕ್ರೀಟ್ ಗೋಡೆ, ಅದರ ಮುಂದೆ ನೀರು ತುಂಬಿದ ಲೋಹದ ಟ್ಯಾಂಕು, ಅದರ ಹಿಂದೆ ಪ್ಲಗ್ಗು. ಅಟ್ಟದಲ್ಲಿದ್ದ ಹಳೆಯ ರೌಟರ್ ಇಳಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಲ್ಯಾನ್ ಕೇಬಲ್‌ನಲ್ಲೇ ಹಾಲ್‌ನ ರೌಟರ್‌ಗೆ ಜೋಡಿಸಿ, ಬೇರೆ ಚಾನೆಲ್ ಕೊಟ್ಟು ಬೆಡ್‌ರೂಮಿನಲ್ಲಿಟ್ಟೆ. ಖರ್ಚಾಗಿದ್ದು ಕೇಬಲ್ಲಿಗೆ ಮಾತ್ರ.