ಅಜ್ಜಿ ತೋಟದ ಆನೆ, ಟೀಚರ್ ಬರೆದ ಸಾಲು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಗಳು ಓದುವ ಶಾಲೆಯಿಂದ ವರ್ಷದ ಕೊನೆಯ ರಿಪೋರ್ಟ್ ಬಂತು. ಲೆಕ್ಕ ಚೆನ್ನಾಗಿದೆ, ಓದು ಚೆನ್ನಾಗಿದೆ, ಗೆಳತಿಯರ ಜೊತೆ ಹೊಂದಿಕೊಂಡಿದ್ದಾಳೆ. ಕೆಳಗೆ ಕ್ಲಾಸ್ ಟೀಚರ್ ಒಂದೆರಡು ಮಾತು ಬರೆದಿದ್ದರು. ಒಳ್ಳೆ ಕಲ್ಪನಾಶಕ್ತಿ ಇರುವ ಹುಡುಗಿ ಅಂತ ಹೊಗಳಿ, ಅದಕ್ಕೊಂದು ಉದಾಹರಣೆ ಕೊಟ್ಟಿದ್ದರು: 'ಶಿ ಕ್ಲೇಮ್ಸ್ ದಟ್ ಎಲಿಫೆಂಟ್ಸ್ ಕಮ್ ಇಂಟು ಹರ್ ಗ್ರ್ಯಾಂಡ್‌ಮದರ್ಸ್ ಗಾರ್ಡನ್.' ಅಂದರೆ, ಅಜ್ಜಿಯ ತೋಟಕ್ಕೆ ಆನೆಗಳು ಬರುತ್ತವೆ ಅಂತ ಇವಳು ಹೇಳಿಕೊಳ್ಳುತ್ತಾಳೆ.

ಓದಿ ನನಗೆ ಬೇಜಾರಾಯಿತು. ನಮ್ಮೂರು ಇರುವುದು ಆಲೂರಿಗೂ ಸಕಲೇಶಪುರಕ್ಕೂ ನಡುವೆ. ಅಲ್ಲಿ ಆನೆ ಬರುತ್ತದೆ ಅನ್ನೋದು ಮಳೆ ಬರುತ್ತದೆ ಅಂದಷ್ಟೇ ಮಾಮೂಲಿ ಮಾತು. ಬೈನೆ ಮರ ಮುರಿಯುತ್ತವೆ, ಹಲಸಿನ ಹಣ್ಣಿಗೆ ಬರುತ್ತವೆ, ಬಾಳೆ ತುಳಿದು ಹೋಗುತ್ತವೆ. ಹಾಸನ ಜಿಲ್ಲೆಯ ಈ ಕಡೆ ಆನೆ ತುಳಿತಕ್ಕೆ ಸಿಕ್ಕಿ ಸತ್ತವರ ಮನೆಗಳು ಎಷ್ಟೋ ಇವೆ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಗಳು ಬೆಳಿಗ್ಗೆ ಎದ್ದು ಅಂಗಳದಲ್ಲಿ ಬಿಸಿ ಆರದ ಲದ್ದಿ ನೋಡಿದ್ದಾಳೆ. ಅದನ್ನು ಕ್ಲಾಸಿನಲ್ಲಿ ಹೇಳಿದ್ದಾಳೆ. ಇದರಲ್ಲಿ ಕಲ್ಪನೆ ಎಲ್ಲಿಂದ ಬಂತು?

ನಾನು ಕಾಗದ ಹಿಡಿದು ಗೊಣಗುತ್ತಿದ್ದರೆ, ಷೂ ಲೇಸ್ ಕಟ್ಟಿಕೊಳ್ಳುತ್ತಿದ್ದ ಮಗಳು ತಲೆ ಎತ್ತದೆ ಅಂದಳು: "ಅಪ್ಪ, ನಾನು ಸುಳ್ಳು ಹೇಳಿದೆ ಅಂತ ಮಿಸ್ ಬರೆದಿಲ್ಲ. ನಿಜ ಹೇಳಿದೆ ಅಂತಾನೂ ಬರೆದಿಲ್ಲ."

ಅಷ್ಟು ಹೇಳಿ ಆಟಕ್ಕೆ ಹೋದಳು. ಆ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. 'ಕ್ಲೇಮ್ಸ್' ಅನ್ನುವ ಒಂದು ಕ್ರಿಯಾಪದ ಮಾಡುವ ಕೆಲಸ ಇದೇ ತಾನೆ? ಮಾತನ್ನು ನಮ್ಮ ಮುಂದೆ ಇಡುತ್ತದೆ. ಜೊತೆಗೆ, 'ಇದಕ್ಕೆ ನಾನು ಹೊಣೆ ಅಲ್ಲ' ಅಂತ ಹೇಳಿದವರ ಕಡೆಗೇ ಅದನ್ನು ತಳ್ಳುತ್ತದೆ.

ಹಾಸನದಲ್ಲಿ ನಾವು ಹೈಸ್ಕೂಲು ಓದುವಾಗ ಡೈರೆಕ್ಟ್ ಸ್ಪೀಚ್, ಇನ್‌ಡೈರೆಕ್ಟ್ ಸ್ಪೀಚ್ ಅಂದರೆ ಪರೀಕ್ಷೆಗೆ ಬರುವ ಗ್ಯಾರಂಟಿ ಪ್ರಶ್ನೆ. 'ಸೆಡ್ ಟು' ಇದ್ದರೆ 'ಟೋಲ್ಡ್' ಮಾಡು. 'ದಟ್' ಸೇರಿಸು. 'ನೌ' ಹೋಗಿ 'ದೆನ್' ಆಗಲಿ, 'ಹಿಯರ್' ಹೋಗಿ 'ದೇರ್' ಆಗಲಿ, 'ಟುಮಾರೊ' ಹೋಗಿ 'ದಿ ನೆಕ್ಸ್ಟ್ ಡೇ' ಆಗಲಿ. ಮೇಷ್ಟ್ರು ಬೋರ್ಡಿನ ಮೇಲೆ ಎರಡು ಸಾಲು ಪಟ್ಟಿ ಬರೆಯುತ್ತಿದ್ದರು, ನಾವು ಬಾಯಿಪಾಠ ಮಾಡುತ್ತಿದ್ದೆವು. ಅಂಕ ಚೆನ್ನಾಗಿಯೇ ಬರುತ್ತಿತ್ತು. ಆದರೆ 'ಸೆಡ್' ಬದಲು 'ಕ್ಲೇಮ್ಡ್' ಹಾಕಿದರೆ ಏನಾಗುತ್ತದೆ, 'ಅಡ್ಮಿಟೆಡ್' ಹಾಕಿದರೆ ಏನಾಗುತ್ತದೆ ಅಂತ ಯಾರೂ ಹೇಳಿಕೊಡಲಿಲ್ಲ. ಈಗಲೂ ಹೇಳಿಕೊಡುವುದಿಲ್ಲ, ಅಣ್ಣನ ಮಗನ ಪುಸ್ತಕ ನೋಡಿದ್ದೇನೆ. ಇಂಗ್ಲಿಷ್ ಮೀಡಿಯಂ ಬೇಕು ಅಂತ ಸಾಲ ಮಾಡಿ ಫೀಸು ಕಟ್ಟುವ ಊರಿನಲ್ಲಿ ಆ ಭಾಷೆಯ ಹೊರಗಿನ ಕವಚವನ್ನಷ್ಟೇ ಕಲಿಸುತ್ತಿದ್ದೇವೆ. ಇದು ನನಗೆ ನಿಜವಾಗಿ ನೋವಾಗುವ ಸಂಗತಿ.

ಇಲ್ಲಿ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯ ಹೆಂಗಸು ಇದ್ದಾರೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೇಲಿಯ ಹತ್ತಿರ ಸಿಕ್ಕಾಗ ಅವರಿಗೆ ಈ ಸಾಲು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ಇದನ್ನು ನಾನಾಗಿದ್ದರೆ ಹೊಡೆದುಹಾಕುತ್ತಿದ್ದೆ" ಅಂದರು. ಸುದ್ದಿಮನೆಗಳಲ್ಲಿ 'ಸೆಡ್' ಅನ್ನುವುದೇ ನಂಬಿಕೆಯ ಪದವಂತೆ. ಅದು ಯಾರ ಪರವೂ ಇಲ್ಲ. 'ಕ್ಲೇಮ್ಡ್' ಅಂತ ಬರೆದರೆ ಬರೆದವನಿಗೆ ಅನುಮಾನ ಇದೆ ಅಂತ ಓದುಗ ತಿಳಿಯುತ್ತಾನೆ. 'ಅಡ್ಮಿಟೆಡ್' ಅಂದರೆ ತಪ್ಪು ನಡೆದಿದೆ, ಇವನು ಒಪ್ಪಿಕೊಂಡ ಅಂತ. 'ಇನ್‌ಸಿಸ್ಟೆಡ್' ಅಂದರೆ ಎದುರಿಗಿದ್ದವರು ನಂಬುತ್ತಿಲ್ಲ, ಇವನು ಬಿಡುತ್ತಿಲ್ಲ. 'ಪಾಯಿಂಟೆಡ್ ಔಟ್' ಅಂತ ಬರೆದರೆ ಇನ್ನೂ ಅಪಾಯ. ಅವನು ಹೇಳಿದ್ದು ನಿಜ ಅಂತ ಪತ್ರಿಕೆಯೇ ಒಪ್ಪಿಕೊಂಡ ಹಾಗೆ. ಹೊಸಬರು ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಇವನ್ನೆಲ್ಲ ಬದಲಾಯಿಸಿ ಬದಲಾಯಿಸಿ ಹಾಕುತ್ತಿದ್ದರಂತೆ. ಅವರ ಹಿರಿಯ ಸಂಪಾದಕರು ಕಾಪಿ ವಾಪಸ್ ಕೊಟ್ಟು ಹೇಳುತ್ತಿದ್ದರಂತೆ, "ನಿನಗೆ ಅನುಮಾನ ಇದ್ದರೆ ಹೋಗಿ ವಿಚಾರಿಸು, ಪದದಲ್ಲಿ ಬಚ್ಚಿಡಬೇಡ" ಅಂತ.

'ದಟ್' ಬಗ್ಗೆಯೂ ಮಾತು ಬಂತು. ಇಲ್ಲಿ ಮಾತಾಡುವಾಗ 'ಸೇ', 'ಥಿಂಕ್' ಆದಮೇಲೆ ಅದನ್ನು ಹೇಳುವವರೇ ಕಡಿಮೆ. ಮಗಳೂ 'ಶಿ ಸೆಡ್ ಇಟ್ಸ್ ರೈನಿಂಗ್' ಅಂತ ಸಲೀಸಾಗಿ ಅಂದುಬಿಡುತ್ತಾಳೆ. ಎಕ್ಸ್‌ಪ್ಲೇನ್, ಕಂಪ್ಲೇನ್ ಅಂತಹ ಪದಗಳಾದಮೇಲೆ ಅದು ಸಾಮಾನ್ಯವಾಗಿ ಉಳಿಯುತ್ತದೆ, ಕಚೇರಿ ಪತ್ರಗಳಲ್ಲಿ ಅಂತೂ ಗಟ್ಟಿಯಾಗಿ ಕೂತಿರುತ್ತದೆ. ಬರವಣಿಗೆಯಲ್ಲಿ ಬಿಟ್ಟರೆ ಗೊಂದಲವೂ ಆಗಬಹುದು. 'ದಿ ಕೌನ್ಸಿಲ್ ಅನೌನ್ಸ್ಡ್ ಆನ್ ಮಂಡೇ ದಿ ಸ್ಕೂಲ್ ವುಡ್ ಕ್ಲೋಸ್' ಅಂದರೆ ಸೋಮವಾರ ಹೇಳಿದ್ದಾ, ಸೋಮವಾರ ಮುಚ್ಚುವುದಾ? 'ದಟ್' ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಅದು ತೀರ್ಮಾನ. ನಮ್ಮ ಮೇಷ್ಟ್ರು ಎಲ್ಲ ಕಡೆ ಹಾಕಿಸುತ್ತಿದ್ದ 'ದಟ್' ಇಲ್ಲಿನ ಬೇಲಿ ಮಾತಿಗೆ ಹೆಚ್ಚು, ಪತ್ರಿಕೆಗೆ ಸರಿ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಲೈನ್ ಮನೆಗಳ, ಅಂದರೆ ತೋಟದ ಆಳುಗಳ ಸಾಲುಮನೆಗಳ, ಬೆಳಗ್ಗೆಗಳು ನೆನಪಾದವು. ಕೊಯ್ಲಿನ ಕಾಲ. ಆಳುಗಳು ಚೀಲ ಸೊಂಟಕ್ಕೆ ಕಟ್ಟಿಕೊಂಡು ನಿಂತಿರುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಬಂದು, "ತೋಟದ ಮೇಲಿನ ಪಟ್ಟಿಯಲ್ಲಿ ಆನೆ ಇದೆಯಂತೆ" ಅನ್ನುತ್ತಾನೆ. ಯಾರೂ ಕದಲುವುದಿಲ್ಲ. ಒಬ್ಬಳು ಕೇಳುತ್ತಾಳೆ, "ಯಾರು ನೋಡಿದ್ದು?" ಹಾಲು ಹಾಕುವ ಹುಡುಗ ನೋಡಿದ್ದು. ಅವನನ್ನೇ ಕರೆಸುತ್ತಾರೆ. ಅವನು ಬಂದು, "ನಾನೇ ನೋಡಿದೆ ಅಕ್ಕ, ಎರಡು ದೊಡ್ಡವು, ಒಂದು ಮರಿ, ಕೆರೆ ದಾಟುತ್ತಿದ್ದವು" ಅಂದ ಮೇಲೆ ಆ ದಿನ ಎಲ್ಲರೂ ಕೆಳಗಿನ ಪಟ್ಟಿಗೆ. ಈಗ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಅರಣ್ಯ ಇಲಾಖೆಯವರಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಆಗ ಇದ್ದದ್ದು ಬಾಯಿಮಾತು ಒಂದೇ. 'ಇದೆ' ಮತ್ತು 'ಇದೆಯಂತೆ' ನಡುವೆ ಜೀವ ಇರುತ್ತಿತ್ತು.

ರೈಟರ್ 'ಅಂತೆ' ಅಂದಾಗ ಹಾಲಿನ ಹುಡುಗನ ಮೇಲೆ ಅನುಮಾನ ಪಟ್ಟಿರಲಿಲ್ಲ. 'ನಾನು ನೋಡಿಲ್ಲ' ಅಂತ ತನ್ನ ಬಗ್ಗೆಯೇ ಹೇಳಿಕೊಂಡಿದ್ದ. ಟೀಚರ್ ಬರೆದ ಸಾಲಿನಲ್ಲಿ ಆಗಿದ್ದು ಇದಕ್ಕೆ ತಿರುಗಾಮುರುಗ. ತಾವು ನೋಡಿಲ್ಲ ಅನ್ನುವುದನ್ನು ಮಗುವಿನ ತಲೆಗೆ ಕಟ್ಟಿದರು. ಹಾಸನಾಂಬೆಯ ಗುಡಿಯ ವಿಚಾರವೂ ಹಾಗೇ. ವರ್ಷಕ್ಕೊಮ್ಮೆ, ಆಶ್ವೀಜದಲ್ಲಿ ಬಾಗಿಲು ತೆಗೆದು ದೀಪಾವಳಿ ಮುಗಿಯುತ್ತಲೇ ಮುಚ್ಚುತ್ತಾರೆ. ಹೋದ ವರ್ಷ ಹಚ್ಚಿಟ್ಟ ದೀಪ ಬಾಗಿಲು ತೆಗೆದಾಗ ಇನ್ನೂ ಉರಿಯುತ್ತಿರುತ್ತದಂತೆ, ಹೂವು ಬಾಡಿರುವುದಿಲ್ಲವಂತೆ. ನಮ್ಮಜ್ಜಿ ಎಷ್ಟು ಭಕ್ತಿಯಿಂದ ಹೇಳಿದರೂ 'ಅಂತೆ' ಬಿಡುತ್ತಿರಲಿಲ್ಲ. ಕೈ ಮುಗಿಯುತ್ತಲೇ 'ಅಂತೆ' ಅನ್ನುತ್ತಿದ್ದಳು. ಅದರಿಂದ ದೇವರಿಗೂ ಕಡಿಮೆಯಾಗಲಿಲ್ಲ, ಹೇಳಿದವರಿಗೂ ಅವಮಾನ ಆಗಲಿಲ್ಲ.

ಊರಿನವರು ಈಗ ಕಳಿಸುವ ವಾಟ್ಸಾಪ್ ಸಂದೇಶಗಳಲ್ಲಿ ಈ 'ಅಂತೆ' ಕಾಣೆಯಾಗುತ್ತಿದೆ. ಯಾವುದೋ ಊರಿನ, ಯಾವಾಗಲೋ ತೆಗೆದ ವಿಡಿಯೋ ಹಾಕಿ 'ಸಕಲೇಶಪುರ ಪೇಟೆಗೆ ಆನೆ ನುಗ್ಗಿದೆ' ಅಂತ ನೇರವಾಗಿ ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೂರದಲ್ಲಿ ಕೂತ ನಮ್ಮಂಥವರಿಗೆ ಎದೆ ಧಸಕ್ ಅನ್ನುತ್ತದೆ.

ಭಾನುವಾರ ಅಮ್ಮನಿಗೆ ಫೋನ್ ಮಾಡಿ ರಿಪೋರ್ಟಿನ ಕಥೆ ಹೇಳಿದೆ. ಪೋಷಕರ ಸಭೆಯಲ್ಲಿ ಟೀಚರ್ ಹತ್ತಿರ ಮಾತಾಡುತ್ತೇನೆ, ಆ ಒಂದು ಪದ ಬದಲಾಯಿಸಿ ಅಂತ ಕೇಳುತ್ತೇನೆ ಅಂದೆ. ಅಮ್ಮನಿಗೆ ಟೀಚರ್ ಮೇಲೆ ಸಿಟ್ಟು ಬರಲಿಲ್ಲ. "ಪಾಪ, ಅವರೂರಲ್ಲಿ ಆನೆ ಇಲ್ಲ, ಅವರಿಗೇನು ಗೊತ್ತು. ಇಲ್ಲಿರೋರ್ಗೆ ಏನಾಗಿದೆ ಹೇಳು" ಅಂದಳು.

ಆಮೇಲೆ ಅವಳ ಕಥೆ ಶುರುವಾಯಿತು. ಹೋದ ತಿಂಗಳು ಆನೆ ಬಂದು ಬೇಲಿ ಮುರಿದು, ಬಾಳೆ, ಅಡಿಕೆ ಸಸಿ ಎಲ್ಲ ಹಾಳು ಮಾಡಿದೆ. ಪರಿಹಾರಕ್ಕೆ ಅರ್ಜಿ ಹಾಕಿದ್ದಾಳೆ. ನೋಡಲು ಬರುವವರು ಇವತ್ತು ನಾಳೆ ಅಂತ ತಡ ಮಾಡಿದಾಗ, ಮಳೆಗೆ ಹೆಜ್ಜೆ ಗುರುತು ಕರಗಿಹೋದೀತು ಅಂತ ಅದರ ಮೇಲೆ ತಗಡಿನ ಶೀಟು ಮುಚ್ಚಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಅಂಗಳದ ಆ ಭಾಗ ಗುಡಿಸದೆ ಇಟ್ಟಿದ್ದಾಳೆ. ಕೊನೆಗೆ ಒಬ್ಬರು ಬಂದು, ಶೀಟು ಎತ್ತಿ ನೋಡಿ, ಫೋಟೋ ತೆಗೆದು, ಕಾಗದದಲ್ಲಿ ಬರೆದದ್ದು: 'ಕಾಡಾನೆಯಿಂದ ಬೆಳೆ ಹಾನಿಯಾಗಿದೆ ಎನ್ನಲಾಗಿದೆ.'

"ಎನ್ನಲಾಗಿದೆ ಅಂದ್ರೆ ಯಾರು ಅಂದಿದ್ದು ಸ್ವಾಮಿ? ನಾನು ಅಂದಿದ್ದು. ನನ್ನ ಹೆಸರು ಬರೀರಿ" ಅಂತ ಅಮ್ಮ ಪಟ್ಟು ಹಿಡಿದಳಂತೆ. ಅವರು ಕಚೇರಿ ಭಾಷೆ ಹೀಗೇ ಇರೋದು ಅಂದರಂತೆ. ಅಮ್ಮ ರುಜು ಹಾಕಲಿಲ್ಲ. ಕಾಫಿ ಕೊಟ್ಟಳು, ಕೂರಿಸಿದಳು, ಆ ಪದ ಹೊಡೆಸಿ 'ಅರ್ಜಿದಾರರು ಕಣ್ಣಾರೆ ನೋಡಿರುತ್ತಾರೆ' ಅಂತ ಬರೆಸಿದ ಮೇಲೆಯೇ ರುಜು ಹಾಕಿದ್ದು. ದುಡ್ಡು ಇನ್ನೂ ಬಂದಿಲ್ಲ.