ಎಚ್ ಸೊನ್ನೆಯಾದದ್ದು ಹೇಗೆ, ಸಾರ್?

ಈ ಸಂಚಿಕೆಗೆ ಲೇಖನ ಕೇಳಿದವರು "ನಿಮಗೆ ಮರೆಯಲಾಗದ ಮೇಷ್ಟ್ರ ಬಗ್ಗೆ ಬರೆಯಿರಿ" ಅಂದರು. ಮರೆಯಲಾಗದವರು ಅಂದರೆ ಇಷ್ಟವಾದವರೇ ಆಗಿರಬೇಕು ಅಂತ ಅವರೇನೂ ಹೇಳಲಿಲ್ಲ. ಆ ಸಂದಿನಲ್ಲಿ ನುಸುಳಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಮಗೆ ಕ್ಯಾಲ್ಕುಲಸ್ ಮಾಡಿದವರ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ಬ್ಯಾಚಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಅದು ಬೇಕಾಗಿಲ್ಲ. ಕೆಟ್ಟವರೇನಲ್ಲ. ಒಂದು ದಿನವೂ ತಡವಾಗಿ ಬಂದವರಲ್ಲ, ಯಾರ ಮಾರ್ಕ್ಸನ್ನೂ ಬೇಕಂತ ಕಳೆದವರಲ್ಲ. ಸುಮ್ನೆ, ನಾವು ಅಲ್ಲಿ ಕೂತಿದ್ದೇವೆ ಅನ್ನುವುದೇ ಅವರ ಗಮನಕ್ಕೆ ಬರುತ್ತಿರಲಿಲ್ಲ.

ಬಂದ ತಕ್ಷಣ ಬೋರ್ಡಿಗೆ ಮುಖ, ನಮಗೆ ಬೆನ್ನು. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಡಸ್ಟರ್. ಬಲಗೈ ಬರೆದದ್ದನ್ನು ಎಡಗೈ ಒರೆಸಿಕೊಂಡೇ ಹಿಂದೆ ಬರುತ್ತಿತ್ತು. ಆ ಎರಡು ಕೈಗಳ ನಡುವಿನ ಒಂದೆರಡು ಅಡಿ ಜಾಗದಲ್ಲಿ ಏನು ಕಂಡಿತೋ ಅದೇ ನಮ್ಮ ನೋಟ್ಸ್. ಮೇಜಿನ ಮೇಲೆ ಅಂಚು ಹಳದಿಯಾದ ಅವರ ಹಾಳೆಗಳು ಇರುತ್ತಿದ್ದವು. ಒಂದು ಸಲ ಎರಡು ಹಾಳೆ ಒಟ್ಟಿಗೆ ತಿರುಗಿಬಿಟ್ಟವು. ಒಂದು ಲೆಕ್ಕದ ತಲೆಗೆ ಇನ್ನೊಂದು ಲೆಕ್ಕದ ಬಾಲ ಅಂಟಿಕೊಂಡಿತು. ಸಾರ್‌ಗೆ ಗೊತ್ತಾಗಲಿಲ್ಲ. ನಮಗೂ ಗೊತ್ತಾಗಲಿಲ್ಲ, ತಮಾಷೆ ಇರುವುದು ಅಲ್ಲೇ. ಪರೀಕ್ಷೆಗೆ ಓದುವಾಗ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಅದನ್ನು ಕಂಡುಹಿಡಿದಳು. ಅಷ್ಟರೊಳಗೆ ಅರ್ಧ ಕ್ಲಾಸು ಆ ಲೆಕ್ಕವನ್ನು ಬಾಯಿಪಾಠ ಮಾಡಿಯಾಗಿತ್ತು.

ಅವರ ಬಾಯಲ್ಲಿ ಜಾಸ್ತಿ ಬರುತ್ತಿದ್ದ ಮಾತು "ಇದು ಗೊತ್ತಿರೋದೇ." ಎಲ್ಲಿ ನಮ್ಮ ಕಾಲು ಹೂತುಕೊಳ್ಳುತ್ತಿತ್ತೋ ಸರಿಯಾಗಿ ಅಲ್ಲೇ ಈ ಮಾತು ಬರುತ್ತಿತ್ತು. ನಮಗೆ ಗೊತ್ತಿರಲಿಲ್ಲ ಅನ್ನುವುದು ಬೇರೆ ವಿಷಯ. ಗೊತ್ತಿಲ್ಲ ಅಂತ ಹೇಳುವ ದಾರಿಯನ್ನೂ ಆ ಒಂದು ಮಾತು ಮುಚ್ಚಿಬಿಡುತ್ತಿತ್ತು. ಗೊತ್ತಿರೋದೇ ಅಂದಮೇಲೆ ಯಾರು ತಾನೇ ಕೈ ಎತ್ತುತ್ತಾರೆ?

ನಾನು ಒಂದು ಸಲ ಎತ್ತಿದೆ.

ಅವತ್ತು ಅವಕಲನದ ಮೊದಲ ಪಾಠ. ಎಕ್ಸ್ ಬದಲಾದಂತೆ ಎಕ್ಸ್ ವರ್ಗ ಎಷ್ಟು ವೇಗದಲ್ಲಿ ಬದಲಾಗುತ್ತದೆ ಅಂತ ಕಂಡುಹಿಡಿಯಬೇಕು. ಗಣಿತ ಬಿಟ್ಟು ಬಹಳ ದಿನವಾದವರಿಗೂ ಇದು ತಿಳಿಯುತ್ತದೆ, ಸ್ವಲ್ಪ ಜೊತೆಗೆ ಬನ್ನಿ. ಎಕ್ಸ್ ಈಗ 3 ಅಂತಿಟ್ಟುಕೊಳ್ಳಿ. ಅದರ ವರ್ಗ 9. ಎಕ್ಸನ್ನು ಒಂಚೂರು ಮುಂದಕ್ಕೆ ತಳ್ಳಿ. ಆ ಒಂಚೂರಿಗೆ ಎಚ್ ಅಂತ ಹೆಸರು. ಈಗ ವರ್ಗ 9 + 6ಎಚ್ + ಎಚ್ ವರ್ಗ. ಹಳೆಯ 9 ಕಳೆದರೆ ಉಳಿಯುವುದು 6ಎಚ್ + ಎಚ್ ವರ್ಗ. ಅದನ್ನು ಎಚ್‌ನಿಂದ ಭಾಗಿಸಿದರೆ 6 + ಎಚ್. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಆಮೇಲೆ ಸಾರ್ ಬೋರ್ಡಿನ ಮೂಲೆಯಲ್ಲಿ 'ಎಚ್ = 0' ಅಂತ ಬರೆದರು. ಉತ್ತರ 6. ಡಸ್ಟರ್ ಆಗಲೇ ಹೊರಟಿತ್ತು.

"ಸಾರ್, ಭಾಗಿಸುವಾಗ ಎಚ್ ಸೊನ್ನೆ ಅಲ್ಲ ಅಂದ್ರಿ. ಸೊನ್ನೆಯಿಂದ ಭಾಗಿಸೋ ಹಾಗಿಲ್ಲ ಅಂದ್ರಿ. ಮುಂದಿನ ಸಾಲಲ್ಲೇ ಅದನ್ನ ಸೊನ್ನೆ ಮಾಡಿದ್ರಿ. ಹಾಗಾದ್ರೆ ಅದು ಸೊನ್ನೆಯೋ, ಅಲ್ವೋ?"

ಸಾರ್ ತಿರುಗಿದರು. ಅವರ ಮುಖವನ್ನು ನೇರವಾಗಿ ನೋಡಿದ್ದು ಬಹುಶಃ ಅದೇ ಮೊದಲು.

"ಏನಮ್ಮಾ, ನಿನಗೆ ಪಾಸಾಗ್ಬೇಕಾ, ವಾದ ಮಾಡ್ಬೇಕಾ?"

ಕ್ಲಾಸು ನಕ್ಕಿತು. "ಕೂತ್ಕೋ. ಇದು ಗೊತ್ತಿರೋದೇ" ಅಂತ ಮತ್ತೆ ಬೋರ್ಡಿನ ಕಡೆ ತಿರುಗಿದರು. ನಾನು ಕೂತೆ. ಕಿವಿ ಬಿಸಿಯಾಗಿತ್ತು. ಪಕ್ಕದವಳು ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಳು: 'ನನಗೂ ಅದೇ ಡೌಟು.'

ಆ ಮೂರು ಪದದ ಧೈರ್ಯದಲ್ಲಿ ಮಾರನೇ ದಿನ ಇಬ್ಬರೂ ಸ್ಟಾಫ್ ರೂಮಿಗೆ ಹೋದೆವು. ಸಾರ್ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಬಾಗಿಲಲ್ಲಿ ನಿಂತೆವು. ಗೋಡೆ ಗಡಿಯಾರ ಎದುರಿಗೇ ಇತ್ತು, ಹಾಗಾಗಿ ಲೆಕ್ಕ ಸರಿಯಾಗಿ ನೆನಪಿದೆ: ಒಂಬತ್ತು ನಿಮಿಷ. ಕೊನೆಗೆ ಅವಳು "ಸಾರ್" ಅಂದಳು. ಅವರು ತಲೆ ಎತ್ತದೆ "ಕ್ಲಾಸಲ್ಲಿ ಹೇಳಿದ್ದೀನಲ್ಲಮ್ಮಾ, ಪುಸ್ತಕ ನೋಡ್ಕೊಳ್ಳಿ" ಅಂದರು. ಪುಸ್ತಕ ನಾವು ನೋಡಿದ್ದೆವು. ಅದರಲ್ಲೂ ಅದೇ ಮೂಲೆಯಲ್ಲಿ ಅದೇ 'ಎಚ್ = 0' ಇತ್ತು. ಸಾರ್ ಬರೆಯುತ್ತಿದ್ದದ್ದೇ ಆ ಪುಸ್ತಕವನ್ನು.

ಕೆಲವು ವಾರದ ನಂತರ ಎಪ್ಸಿಲಾನ್, ಡೆಲ್ಟಾ ಅನ್ನುವ ಎರಡು ಗ್ರೀಕ್ ಅಕ್ಷರಗಳು ಬಂದವು. 'ಪ್ರತಿಯೊಂದು ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇರುತ್ತದೆ' ಅಂತ ಶುರುವಾಗುವ ಆ ಮೂರು ಸಾಲನ್ನು ನಾವೆಲ್ಲ ಮಂತ್ರದ ಹಾಗೆ ಉರು ಹೊಡೆದೆವು. ಪರೀಕ್ಷೆಯಲ್ಲಿ ಕೇಳಿದರು. ಪೂರ್ತಿ ಅಂಕ ಬಂತು, ನನಗೂ ಅವಳಿಗೂ. ನನ್ನ ಸೊನ್ನೆಯ ಪ್ರಶ್ನೆಗೆ ಉತ್ತರ ಇದ್ದದ್ದು ಆ ಮೂರು ಸಾಲಿನಲ್ಲೇ. ಅದು ನಮಗೆ ಗೊತ್ತಿರಲಿಲ್ಲ. ಬೀಗದ ಕೈ ಜೇಬಲ್ಲೇ ಇಟ್ಟುಕೊಂಡು ಬಾಗಿಲ ಹೊರಗೆ ಕೂತಿದ್ದೆವು. ಸಾರ್ ಮೇಲೆ ನನಗೆ ಇವತ್ತಿಗೂ ಸಿಟ್ಟು ಇದ್ದರೆ ಅದು ಬೈದದ್ದಕ್ಕಲ್ಲ, ಆ ಪೂರ್ತಿ ಅಂಕಕ್ಕೆ.

ಮುಂದಿನ ವರ್ಷ ಗೆಳತಿ ಗಣಿತ ಬಿಟ್ಟಳು. ನನಗಿಂತ ಚುರುಕಾಗಿದ್ದವಳು ಅವಳೇ. "ನನ್ನ ತಲೆಗೆ ಇದು ಹೋಗಲ್ಲ ಕಣೇ" ಅಂದಳು. ನಾನು ಮುಂದುವರಿದೆ, ಹಟಕ್ಕೋ ಏನೋ.

ಉತ್ತರ ಸಿಕ್ಕಿದ್ದು ಲೈಬ್ರರಿಯ ಕೆಳಗಿನ ಸಾಲಿನಲ್ಲಿ. ಗಣಿತದ ಇತಿಹಾಸದ ದಪ್ಪ ಪುಸ್ತಕ, ರಟ್ಟು ಕಿತ್ತುಹೋಗಿತ್ತು. ಯಾವುದೋ ದಿನಾಂಕ ಹುಡುಕಲು ತೆರೆದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅದರಲ್ಲಿ ನನ್ನ ಪ್ರಶ್ನೆ ಇತ್ತು. ಹೆಚ್ಚು ಕಡಿಮೆ ನನ್ನ ಮಾತಿನಲ್ಲೇ. ಕೇಳಿದವನು ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ. ಕೇಳಿದ್ದು 1734ರಲ್ಲಿ.

ಕ್ಯಾಲ್ಕುಲಸ್ ಕಟ್ಟಿದವರು ಲೈಬ್ನಿಟ್ಸ್ ಮತ್ತು ನ್ಯೂಟನ್. ಲೈಬ್ನಿಟ್ಸ್ ಅದರ ಬಗ್ಗೆ ಮೊದಲ ಬಾರಿ ಅಚ್ಚು ಹಾಕಿಸಿದ್ದು 1684ರಲ್ಲಿ. ನ್ಯೂಟನ್ ತೀರಿಕೊಂಡದ್ದು 1727ರಲ್ಲಿ. ಅವರಿಬ್ಬರ ಲೆಕ್ಕ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ಗ್ರಹಗಳು ಆ ಲೆಕ್ಕದಂತೆಯೇ ತಿರುಗುತ್ತಿದ್ದವು. ಆದರೆ ಭಾಗಿಸುವಾಗ ಇದ್ದದ್ದು ಮುಂದಿನ ಸಾಲಿನಲ್ಲಿ ಇಲ್ಲವಾಗುವುದು ಹೇಗೆ ಅಂತ ಬರ್ಕ್ಲಿ ಹಿಡಿದುಕೊಂಡ. ಇಲ್ಲವಾಗಿ ಹೋದ ಪರಿಮಾಣಗಳ ದೆವ್ವಗಳೋ ಇವು ಅಂತ ಅಣಕಿಸಿದ. ಅವನ ಉದ್ದೇಶ ಬೇರೆಯೇ ಇತ್ತು ಅನ್ನಿ. ದೇವರ ವಿಷಯಕ್ಕೆ ಬಂದರೆ ಸಾಕ್ಷಿ ಕೇಳುವ ನೀವು, ನಿಮ್ಮ ಲೆಕ್ಕದಲ್ಲಿ ಇಷ್ಟೊಂದು ನಂಬಿಕೆ ಇಟ್ಟುಕೊಂಡಿದ್ದೀರಲ್ಲ ಅನ್ನುವುದು ಅವನ ವರಸೆ. ಆದರೂ ಪ್ರಶ್ನೆ ಸರಿಯಾಗಿತ್ತು. ಅಂದಿನ ಗಣಿತಜ್ಞರ ಹತ್ತಿರ ಎಲ್ಲರೂ ಒಪ್ಪುವ ಉತ್ತರ ಇರಲಿಲ್ಲ.

ಹಿಂದಿನವರಿಗೂ ಈ ಸೊನ್ನೆ ಕಾಟ ಕೊಟ್ಟಿದೆ. 12ನೇ ಶತಮಾನದ ಭಾಸ್ಕರಾಚಾರ್ಯರು, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ ಮತ್ತೆ ಸೊನ್ನೆಯಿಂದಲೇ ಭಾಗಿಸಿದರೆ ಅದು ಇದ್ದ ಹಾಗೇ ಉಳಿಯುತ್ತದೆ ಅಂತ ನಿಯಮ ಹೇಳಿದ್ದರು. ಇವತ್ತಿನ ಪರೀಕ್ಷೆಯಲ್ಲಿ ಹಾಗೆ ಬರೆದರೆ ಕೆಂಪು ಗೆರೆ ಬೀಳುತ್ತದೆ. ಆದರೆ ನಮ್ಮ ಎಚ್‌ನ ಲೆಕ್ಕ ಮಾಡುತ್ತಿದ್ದದ್ದೂ ಸುಮಾರಾಗಿ ಅದನ್ನೇ ಅಲ್ವಾ?

ಬರ್ಕ್ಲಿ ಕೇಳಿದ 87 ವರ್ಷದ ಮೇಲೆ, 1821ರಲ್ಲಿ, ಪ್ಯಾರಿಸ್ಸಿನ ಗಣಿತಜ್ಞ ಕೋಶಿ ಲಿಮಿಟ್ ಅನ್ನುವುದನ್ನು, ಅಂದರೆ ಒಂದು ಲೆಕ್ಕ ಯಾವ ಸಂಖ್ಯೆಯ ಹತ್ತಿರ ಹತ್ತಿರ ಹೋಗುತ್ತದೋ ಅದನ್ನು, ಸರಿಯಾದ ಅಡಿಪಾಯದ ಮೇಲೆ ಕೂರಿಸಲು ಹೊರಟ. ಅದನ್ನು ಇನ್ನಷ್ಟು ಬಿಗಿ ಮಾಡಿ ಇವತ್ತಿನ ಎಪ್ಸಿಲಾನ್-ಡೆಲ್ಟಾ ರೂಪಕ್ಕೆ ತಂದವನು ಬರ್ಲಿನ್ನಿನ ವೈಯರ್‌ಸ್ಟ್ರಾಸ್. ಅಂದರೆ ನಮ್ಮ ಸಾರ್ 'ಗೊತ್ತಿರೋದೇ' ಅಂದದ್ದು ಜಗತ್ತಿನ ದೊಡ್ಡ ದೊಡ್ಡ ತಲೆಗಳಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಗೊತ್ತಿರಲಿಲ್ಲ. ನೆಲದ ಮೇಲೆ ಕೂತೇ ನಗು ಬಂತು. ಆಮೇಲೆ ಅಳು ಬಂತು. ಲೈಬ್ರರಿಯವರು ಬಂದು "ಹುಷಾರಿಲ್ವಾ?" ಅಂತ ಕೇಳಿದರು.

ಆ ಪುಸ್ತಕದಲ್ಲಿ ಇನ್ನೂ ಎರಡು ವಿಷಯ ಓದಿದೆ, ಎರಡೂ ಮೇಷ್ಟ್ರ ಬಗ್ಗೆ. ಕೋಶಿಯ ಪಾಠದ ಮೇಲೆ ಅವನ ವಿದ್ಯಾರ್ಥಿಗಳೂ ದೂರು ಹೇಳುತ್ತಿದ್ದರಂತೆ, ತಲೆಯ ಮೇಲಿಂದ ಹೋಗುತ್ತೆ ಅಂತ. ಇದನ್ನು ಓದಿ ನನಗೆ ಸ್ವಲ್ಪ ನ್ಯಾಯ ಸಿಕ್ಕ ಹಾಗಾಯಿತು. ವೈಯರ್‌ಸ್ಟ್ರಾಸ್ ಕಥೆ ಬೇರೆ. ಅವನು ವಿಶ್ವವಿದ್ಯಾಲಯಕ್ಕೆ ಬರುವ ಮೊದಲು ಎಷ್ಟೋ ವರ್ಷ ಶಾಲಾ ಮೇಷ್ಟ್ರು. ಗಣಿತದ ಜೊತೆ ಮಕ್ಕಳಿಗೆ ವ್ಯಾಯಾಮ, ಕೈಬರಹ ಕೂಡ ಹೇಳಿಕೊಡುತ್ತಿದ್ದ. 1861ರಲ್ಲಿ ಕಾಯಿಲೆ ಬಿದ್ದಮೇಲೆ ನಿಂತು ಪಾಠ ಮಾಡಲು ಆಗುತ್ತಿರಲಿಲ್ಲ. ಅವನು ಕೂತು ಹೇಳುತ್ತಿದ್ದ, ವಿದ್ಯಾರ್ಥಿಯೊಬ್ಬ ಬೋರ್ಡಿನ ಮೇಲೆ ಬರೆಯುತ್ತಿದ್ದ. ಕಣ್ಣ ಮುಂದೆ ತಂದುಕೊಂಡು ನೋಡಿ. ಮೇಷ್ಟ್ರ ಮುಖ ಕ್ಲಾಸಿನ ಕಡೆಗೇ ಇರುತ್ತದೆ.

ಸಾರ್ ಪರವಾಗಿ ಹೇಳಬಹುದಾದದ್ದು ಇದೆ. ದೊಡ್ಡ ಕ್ಲಾಸು, ಮುಗಿಯದ ಸಿಲಬಸ್, ತಿದ್ದಿದಷ್ಟೂ ಬರುವ ಪೇಪರು. ಈಗ ನಾನೂ ಪಾಠ ಮಾಡುತ್ತೇನೆ, ಆ ಸುಸ್ತು ನನಗೂ ಗೊತ್ತು. ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಕೈ ಎತ್ತುವ ಹುಡುಗಿಯ ಮೇಲೆ ನನಗೂ ಒಂದು ಕ್ಷಣ ಸಿಡುಕು ಬರುತ್ತದೆ. ಅವರು ಎಪ್ಸಿಲಾನ್ ಎಲ್ಲ ಅವತ್ತೇ ಬಿಡಿಸಿ ಹೇಳಬೇಕಿತ್ತು ಅಂತ ನಾನು ಅನ್ನುವುದಿಲ್ಲ. "ಒಳ್ಳೇ ಪ್ರಶ್ನೆ, ಇನ್ನೂ ಕೆಲವು ವಾರ ತಡಿ, ಉತ್ತರ ಬರುತ್ತೆ" ಅಂದಿದ್ದರೆ ಸಾಕಿತ್ತು. ಅವರಿಗೂ ಗೊತ್ತಿರಲಿಲ್ಲವೋ ಏನೋ. "ನನಗೂ ನೋಡ್ಬೇಕು" ಅಂದಿದ್ದರೂ ಸಾಕಿತ್ತು.

ಹಳೆಯ ಸಹಪಾಠಿಗಳು ಸೇರಿದಾಗ ಯಾರಾದರೂ ಒಬ್ಬರು "ಅವರು ಹೇಳಿಕೊಡದೆ ಇದ್ದದ್ದಕ್ಕೇ ನೀನು ಸ್ವಂತ ಓದಿ ಮೇಲೆ ಬಂದೆ ಕಣೇ" ಅನ್ನುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನೀರಿಗೆ ತಳ್ಳಿದವರಲ್ಲಿ ಒಬ್ಬಳು ದಡ ಸೇರಿದಳು ಅಂತ ತಳ್ಳಿದವರನ್ನು ಈಜು ಮೇಷ್ಟ್ರು ಅನ್ನುವುದೇ? ಆ ಬೆಂಚಿನಲ್ಲಿ ನಾವು ಇಬ್ಬರಿದ್ದೆವು.

ಕಳೆದ ವರ್ಷ ಅವಳು ಫೋನ್ ಮಾಡಿದ್ದಳು. ಮಾತು ಎಲ್ಲಿಂದಲೋ ಎಲ್ಲಿಗೋ ಹೋಗಿ ಸಾರ್ ಹತ್ತಿರ ಬಂತು. "ಅಲ್ವೇ, ಕೊನೆಗೂ ಆ ಎಚ್ ಸೊನ್ನೆಯೋ ಅಲ್ವೋ?" ಅಂದಳು.

"ಅಲ್ಲ. ಯಾವತ್ತೂ ಆಗಲ್ಲ" ಅಂದೆ. "ಈಗ ಒಂದು ಆಟ ಆಡೋಣ. ಎಚ್ 0.1 ಇದ್ದರೆ 6 + ಎಚ್ ಎಷ್ಟು?"

"6.1."

"0.01 ಆದ್ರೆ?"

"6.01. ಗೊತ್ತಾಯ್ತು, 6ರ ಹತ್ತಿರ ಹೋಗುತ್ತೆ. ಆದ್ರೆ ಮುಟ್ಟಲ್ವಲ್ಲ."

"ಮುಟ್ಟಬೇಕಾಗಿಲ್ಲ. 6ಕ್ಕೆ ಎಷ್ಟು ಹತ್ತಿರ ಬರಬೇಕು ಅಂತ ನೀನು ಹೇಳು. ಎಷ್ಟು ಚಿಕ್ಕದು ಬೇಕಾದ್ರೂ ಕೇಳು."

"ಸಾವಿರದಲ್ಲಿ ಒಂದು ಪಾಲಿನೊಳಗೆ."

"ಹಾಗಾದ್ರೆ ಎಚ್ ಅದಕ್ಕಿಂತ ಚಿಕ್ಕದಿರಲಿ ಅಂತೀನಿ ನಾನು. ಸೊನ್ನೆ ಮಾತ್ರ ಬೇಡ. ಬಂತಾ?"

"ಬಂತು. ಕೋಟಿಯಲ್ಲಿ ಒಂದು ಪಾಲು ಅಂದ್ರೆ?"

"ಅದಕ್ಕೂ ಅದೇ ಉತ್ತರ. ನೀನು ಏನೇ ಕೇಳು, ನನ್ನ ಹತ್ತಿರ ಒಂದು ಉತ್ತರ ಇದ್ದೇ ಇರುತ್ತೆ. ನೀನು ಯಾವತ್ತೂ ಗೆಲ್ಲಲ್ಲ. 6 ಬಿಟ್ಟು ಬೇರೆ ಯಾವ ಸಂಖ್ಯೆ ಇಟ್ಟುಕೊಂಡು ಆಡಿದ್ರೂ ನಾನು ಸೋಲ್ತೀನಿ. ಅದಕ್ಕೇ ಉತ್ತರ 6. ನೀನು ಕೇಳೋದು ಎಪ್ಸಿಲಾನ್, ನಾನು ಕೊಡೋದು ಡೆಲ್ಟಾ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಪ್ರತಿಯೊಂದು ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇರುತ್ತದೆ" ಅಂದಳು ನಿಧಾನಕ್ಕೆ. ಇಷ್ಟು ವರ್ಷವಾದರೂ ಒಂದು ಅಕ್ಷರ ತಪ್ಪಿರಲಿಲ್ಲ. "ಇಷ್ಟೇನಾ?"

"ಇಷ್ಟೇ."

"ಎಷ್ಟು ಹೊತ್ತಾಯ್ತು ಈಗ?"

ಫೋನ್ ನೋಡಿದೆ. ಹನ್ನೊಂದು ನಿಮಿಷ. ಅದರಲ್ಲಿ ಅರ್ಧ ಅವಳ ಮಗಳ ಶಾಲೆಯ ಮಾತು.