ಗುಂಡು ಬೇಡ, ಕರೆಂಟ್ ಬೇಕು

2025ರ ಏಪ್ರಿಲ್ 13ರಂದು ಕರ್ನೂಲಿನ ಬಯಲಲ್ಲಿ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಡ್ರೋನ್ ಬೀಳಿಸುವ ತನ್ನ ಮಾರ್ಕ್-2(ಎ) ಲೇಸರ್ ಆಯುಧವನ್ನು ಪರೀಕ್ಷಿಸಿತು. ಆ ಸಂಸ್ಥೆಯದ್ದೇ ಆದ ಹೈದರಾಬಾದಿನ ಚೆಸ್ (CHESS) ಲ್ಯಾಬ್ ಮುಂದಾಳು, ಜೊತೆಗೆ ನಮ್ಮ ಬೆಂಗಳೂರಿನ ರೇಡಾರ್ ಲ್ಯಾಬ್ ಎಲ್‌ಆರ್‌ಡಿಇ ಕೂಡ ಇತ್ತು. ಶಕ್ತಿ 30 ಕಿಲೋವ್ಯಾಟ್, ಅಂದರೆ ಹದಿನೈದು ಮನೆಗಳ ಗೀಸರ್ ಒಟ್ಟಿಗೆ ಹಾಕಿದಷ್ಟು. ಇಷ್ಟೇನಾ ಅನಿಸುತ್ತದೆ, ಅಲ್ವಾ? ಆದರೆ ಅಷ್ಟೂ ಶಾಖ ಡ್ರೋನಿನ ರೆಕ್ಕೆಯ ಒಂದು ಚಿಕ್ಕ ಜಾಗದ ಮೇಲೆ ಬಿದ್ದು, ಡ್ರೋನ್ ಹಾರುತ್ತಿದ್ದರೂ ಕಿರಣ ಅಲ್ಲೇ ಅಂಟಿಕೊಂಡು ನಿಂತರೆ, ಕೆಲವೇ ಸೆಕೆಂಡಿನಲ್ಲಿ ಆ ಜಾಗ ಸುಟ್ಟು ಕರಗಿ ರೆಕ್ಕೆ ಮುರಿಯುತ್ತದೆ. ಸಿನಿಮಾದ ಕೆಂಪು ಗೆರೆ ಏನೂ ಕಾಣುವುದಿಲ್ಲ, ಕಿರಣ ಇನ್‌ಫ್ರಾರೆಡ್.

ಅಮೆರಿಕದ ನೌಕಾಪಡೆ 2014ರಲ್ಲೇ ಇಂಥದ್ದೊಂದನ್ನು ಯುಎಸ್‌ಎಸ್ ಪಾನ್ಸ್ ಹಡಗಿನ ಮೇಲೆ ಕೂರಿಸಿ ಪರ್ಷಿಯನ್ ಕೊಲ್ಲಿಗೆ ಕಳಿಸಿತ್ತು. ಬ್ರಿಟನ್ನಿನ ಲೇಸರ್ ಆಯುಧ ಡ್ರಾಗನ್‌ಫೈರ್‌ಗೆ ಒಂದು ಸಲ ಹೊಡೆಯಲು ಹತ್ತು ಪೌಂಡ್ ಕೂಡ ಖರ್ಚಾಗುವುದಿಲ್ಲವಂತೆ. ನನ್ನ ಪ್ರಕಾರ ಅಸಲಿ ಆಕರ್ಷಣೆ ಇದೇ. ಅಗ್ಗದ ಡ್ರೋನ್ ಬೀಳಿಸಲು ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಹಾರಿಸುವುದು ಯಾವ ದೇಶಕ್ಕೂ ಗಿಟ್ಟುವ ಲೆಕ್ಕ ಅಲ್ಲ.

ಹಾಗಂತ ಸುಮ್ನೆ ಹಿಗ್ಗಬೇಡಿ. ಮಂಜು, ಮಳೆ, ಧೂಳು ಬಂದರೆ ಕಿರಣ ಚದುರುತ್ತದೆ. ಒಂದು ಸಲಕ್ಕೆ ಒಂದೇ ಗುರಿ. ಯಂತ್ರ ತಾನೇ ಬಿಸಿಯಾಗುವುದರಿಂದ ಅದನ್ನು ತಣ್ಣಗಿಡಲು ಬೇರೆ ವ್ಯವಸ್ಥೆ ಬೇಕು. ಇನ್ನೊಂದು ವಿಷಯ: ಸೈನಿಕರ ಕಣ್ಣು ಕುರುಡು ಮಾಡಲೆಂದೇ ಮಾಡಿದ ಲೇಸರ್‌ಗಳನ್ನು 1995ರ ಅಂತಾರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಡ್ರೋನ್ ಸುಡುವುದಕ್ಕೆ ಆ ತಡೆ ಇಲ್ಲ.